ಸಿಗಡಿ ಹೊಂಡದ ನೀರಿಗೆ ಸಿಂಪಿ ಮರಿಯ ಪರೀಕ್ಷೆ

ಹುಬ್ಬಳ್ಳಿಯ ಮೀನು ಪೇಟೆಗೆ ಬರುವ ಸಿಗಡಿಯಲ್ಲಿ ಕಡಲಿನದು ಯಾವುದು, ಹೊಂಡದ್ದು ಯಾವುದು ಎಂದು ಕೊಳ್ಳುವವರು ವಿಚಾರಿಸುವುದು ಕಡಿಮೆ. ಹೊಂಡದ್ದೇ ಎಂದು ಗೊತ್ತಾದರೂ, ಸಿಗಡಿ ಹಿಡಿದ ದಿನ ಆ ಹೊಂಡದ ನೀರು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಘಟ್ಟದ ಮೇಲಿನವರ ಕಣ್ಣಿಗೆ ಬೀಳುವ ಸಂಗತಿಯೂ ಅದಲ್ಲ.

ಕುಮಟಾ, ಅಂಕೋಲಾ ಕಡೆಯ ಗಜನಿ ಎಂಬ ಉಪ್ಪುನೀರಿನ ತಗ್ಗು ಗದ್ದೆಗಳಲ್ಲಿ ಹೊಂಡ ಬರಿದು ಮಾಡುವುದು ಇಳಿತದ ಹೊತ್ತಿಗೆ. ತೂಬಿನ ಹಲಗೆ ಎತ್ತಿದರೆ ಸಾಕು, ನೀರು ತಾನಾಗಿಯೇ ಹಳ್ಳಕ್ಕೆ ಇಳಿಯುತ್ತದೆ. ಪಂಪು, ಡೀಸೆಲ್ಲಿನ ಖರ್ಚಿಲ್ಲ. ಮೊದಲು ಹೋಗುವ ಮುಕ್ಕಾಲು ಪಾಲು ನೀರು ನೋಡಲು ಅಷ್ಟೇನೂ ಕೆಟ್ಟದ್ದಲ್ಲ. ಕೊನೆಯ ಕಾಲು ಪಾಲಿನ ಕತೆಯೇ ಬೇರೆ. ತಿನ್ನದೆ ಉಳಿದ ಮೇವು, ಹಿಕ್ಕೆ, ಸತ್ತ ಪಾಚಿ, ತಳದ ಕಪ್ಪು ಕೆಸರು ಎಲ್ಲವೂ ಒಟ್ಟಿಗೆ ಎದ್ದು, ಕೊಳೆತ ಮೊಟ್ಟೆಯ ನಾತದೊಂದಿಗೆ ಹೊರಬೀಳುತ್ತವೆ. ಇಳಿತವಾದ್ದರಿಂದ ಹಳ್ಳದಲ್ಲಿ ಅದನ್ನು ತೆಳುವಾಗಿಸಲು ಬೇಕಾದಷ್ಟು ನೀರೂ ಇರುವುದಿಲ್ಲ. ಅದೇ ಇಳಿತದಲ್ಲಿ, ಅದೇ ಅಳಿವೆಯ ಕೆಸರುದಂಡೆಯ ಮೇಲೆ ಜನ ಬುಟ್ಟಿ ಹಿಡಿದು ಬಳಚು ಹೆಕ್ಕುತ್ತಿರುತ್ತಾರೆ.

ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಯ, ಮನ್ನಣೆ ಸಿಕ್ಕಿತು. ನಮ್ಮ ಧಾರವಾಡದ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಆಗಲೇ ಸಿಕ್ಕಿತು. ಮಾಗಡಿಯ ಹೆಸರು ಹಕ್ಕಿಗಳಿಂದ, ಅಘನಾಶಿನಿಯ ಹೆಸರು ಬಹುಮಟ್ಟಿಗೆ ಚಿಪ್ಪಿನಿಂದ. ಬಳಚು, ಪಚ್ಚಿಲೆ, ಬಂಡೆಗೆ ಕಚ್ಚಿಕೊಂಡು ಬೆಳೆಯುವ ಸಿಂಪಿ, ಅಂದರೆ ಆಯ್ಸ್ಟರ್, ಇವುಗಳನ್ನೇ ನಂಬಿದ ಮನೆಗಳು ಆ ದಂಡೆಯಲ್ಲಿ ಬಹಳ ಇವೆ. ಹೊಂಡದ ನೀರು ಈ ಚಿಪ್ಪಿನ ಜೀವಿಗಳಿಗೆ ಏನು ಮಾಡುತ್ತದೆ ಎಂಬುದನ್ನು ಅವುಗಳ ಮರಿಗಳಿಂದಲೇ ತಿಳಿಯುವ ಒಂದು ವಿಧಾನವಿದೆ. ದುಬಾರಿ ಯಂತ್ರ ಬೇಡ. ಒಂದು ಸೂಕ್ಷ್ಮದರ್ಶಕ, ಗಾಜಿನ ಸೀಸೆಗಳು ಮತ್ತು ಸಾಕಷ್ಟು ತಾಳ್ಮೆ ಬೇಕು.

ಮೊದಲು ಈಗಿರುವ ನಿಯಮ ನೋಡೋಣ. ಸಿಗಡಿ ಕೃಷಿಯ ಹಾವಳಿ ಕುರಿತ ಜಗನ್ನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 11ರಂದು ತೀರ್ಪು ಕೊಟ್ಟಿತು. ಆಮೇಲೆ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. ಅದರಡಿಯ ಮಾರ್ಗಸೂಚಿಯಲ್ಲಿ ಹೊರಬಿಡುವ ನೀರಿಗೆ ಮಿತಿಗಳಿವೆ: ತೇಲುಕಣ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು, ಜೈವಿಕ ಆಮ್ಲಜನಕ ಬೇಡಿಕೆ ತೆರೆದ ಕಡಲಿಗಾದರೆ 50, ಹಳ್ಳ-ಅಳಿವೆಗಾದರೆ 20, ಕರಗಿದ ಆಮ್ಲಜನಕ 3ಕ್ಕಿಂತ ಇಳಿಯಬಾರದು, ಇತ್ಯಾದಿ. ನೀರು ಶುದ್ಧೀಕರಿಸುವ ವ್ಯವಸ್ಥೆ ಕಡ್ಡಾಯವಾದದ್ದು ಕರಾವಳಿ ನಿಯಂತ್ರಣ ವಲಯದೊಳಗೆ 5 ಹೆಕ್ಟೇರು, ಹೊರಗೆ 10 ಹೆಕ್ಟೇರು ಮತ್ತು ಅದಕ್ಕೂ ದೊಡ್ಡ ಫಾರ್ಮುಗಳಿಗೆ. ನಮ್ಮ ಕರಾವಳಿಯಲ್ಲಿ ಬಹುಪಾಲು ಚಿಕ್ಕ ಹೊಂಡಗಳೇ. ಹತ್ತು ಚಿಕ್ಕ ಹೊಂಡಗಳು ಒಂದೇ ಹಳ್ಳಕ್ಕೆ ತೂಬು ತೆರೆದರೆ ಹಳ್ಳಕ್ಕೇನೂ ರಿಯಾಯಿತಿ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಈ ಪಟ್ಟಿಯ ತೊಂದರೆ ಏನೆಂದರೆ, ನಾವು ಯಾವುದನ್ನು ಹುಡುಕಿದೆವೋ ಅದಷ್ಟೇ ಸಿಗುತ್ತದೆ. ಹೊಂಡಕ್ಕೆ ಹಾಕಿದ ಬ್ಲೀಚಿಂಗ್ ಪೌಡರ್, ಪಾಚಿ ಕೊಲ್ಲಲು ಬಳಸಿದ ಮೈಲುತುತ್ತ, ಯಾವುದೋ ಔಷಧ ಇವೆಲ್ಲ ಅಮೋನಿಯಾದ ಜೊತೆ ಸೇರಿ ಏನಾಗುತ್ತವೆ ಎಂದು ಪಟ್ಟಿ ಹೇಳುವುದಿಲ್ಲ. ಅದಕ್ಕೇ ತ್ಯಾಜ್ಯ ನೀರಿಗೆ ಜೀವಿಯಿಂದ ಮಾಡುವ ಪರೀಕ್ಷೆಯೂ ಬೇಕು. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಅಂಥದೊಂದಿದೆ: ತ್ಯಾಜ್ಯ ನೀರಿಗೆ ಏನನ್ನೂ ಬೆರೆಸದೆ ಮೀನು ಬಿಟ್ಟರೆ, 96 ಗಂಟೆಗಳ ನಂತರ ನೂರಕ್ಕೆ 90 ಮೀನು ಬದುಕಿರಬೇಕು. ಪರೀಕ್ಷೆ ಸರಿ, ಆದರೆ ಮೀನು ಗಟ್ಟಿ ಪ್ರಾಣಿ. ನಾಲ್ಕು ದಿನ ಒದ್ದಾಡಿಯಾದರೂ ಉಳಿದುಕೊಂಡರೆ ನೀರು ಪಾಸು. ಆ ನೀರಿನಲ್ಲಿ ಅದು ಮೊಟ್ಟೆಯಿಟ್ಟೀತೇ, ಮರಿಯಾದೀತೇ ಎಂದು ನಿಯಮ ಕೇಳುವುದಿಲ್ಲ.

ಬೆಳೆದ ಸಿಂಪಿಯೂ ಗಟ್ಟಿಯೇ. ನೀರು ಕೆಟ್ಟಿತೆಂದು ಗೊತ್ತಾದ ಕೂಡಲೇ ಎರಡೂ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಗಂಟೆಗಟ್ಟಲೆ ಕಾಯುತ್ತದೆ. ಮುಂದಿನ ಭರತಕ್ಕೆ ಒಳ್ಳೆಯ ನೀರು ಬಂದಾಗ ತೆರೆಯುತ್ತದೆ. ಅದರ ಮರಿಗೆ ಈ ಉಪಾಯವಿಲ್ಲ. ಸಿಂಪಿ ಮೊಟ್ಟೆ ಮತ್ತು ವೀರ್ಯವನ್ನು ನೀರಿಗೇ ಬಿಡುತ್ತದೆ. ಸುಮಾರು 50 ಮೈಕ್ರಾನಿನ ಮೊಟ್ಟೆ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ನೀರಿನಲ್ಲೇ ಫಲಿಸಿ, ನೀರಿನಲ್ಲೇ ಒಡೆದೊಡೆದು ಬೆಳೆಯುತ್ತದೆ. ಕೆಲವೇ ಗಂಟೆಗಳಲ್ಲಿ ರೋಮದಂಥ ಎಳೆಗಳನ್ನು ಬಡಿಯುತ್ತ ಈಜುವ ಟ್ರೊಕೊಫೋರ್ ಎಂಬ ಲಾರ್ವಾ ಆಗುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಒಂದು ದಿನದೊಳಗೆ ಮೊದಲ ಚಿಪ್ಪು ಮೂಡುತ್ತದೆ. ಇಂಗ್ಲಿಷಿನ ಡಿ ಅಕ್ಷರದ ಆಕಾರ, ಒಂದು ಬದಿ ನೇರ, ಇನ್ನೊಂದು ಬದಿ ದುಂಡು. ಆ ಒಂದು ದಿನ ಅದಕ್ಕೆ ಮುಚ್ಚಿಕೊಳ್ಳಲು ಬಾಗಿಲೇ ಇಲ್ಲ. ನೀರಿನಲ್ಲಿ ಇದ್ದದ್ದೆಲ್ಲ ನೇರವಾಗಿ ಒಳಹೊಗುತ್ತದೆ. ಸ್ವಲ್ಪ ವಿಷವಿದ್ದರೂ ಚಿಪ್ಪು ಕಟ್ಟುವ ಕೆಲಸ ಕೆಡುತ್ತದೆ. ಸಾಯಲೇಬೇಕೆಂದಿಲ್ಲ, ಸೊಟ್ಟಗಾದರೆ ಸಾಕು, ನಮಗೆ ಉತ್ತರ ಸಿಕ್ಕಂತೆ.

ಇದು ಹೊಸ ಆಲೋಚನೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕಾಗದದ ತಿರುಳು ಮಾಡುವ ಕಾರ್ಖಾನೆಗಳ ನೀರು ಆಯ್ಸ್ಟರ್ ಬೆಳೆಯುವ ಕೊಲ್ಲಿಗಳಿಗೆ ಹೋಗುತ್ತಿತ್ತು. ಅಲ್ಲಿನ ಮೀನುಗಾರಿಕೆ ಇಲಾಖೆಯ ವೋಲ್ಕೆ ಎಂಬ ವಿಜ್ಞಾನಿ ಪೆಸಿಫಿಕ್ ಆಯ್ಸ್ಟರಿನ ಭ್ರೂಣಗಳಿಂದ 48 ಗಂಟೆಯ ಪರೀಕ್ಷೆ ರೂಪಿಸಿ 1972ರಲ್ಲಿ ಪ್ರಕಟಿಸಿದರು. ಮುಂದೆ ಅದೇ ಜಾಡಿನಲ್ಲಿ ಮಾನಕ ವಿಧಾನಗಳು ಬಂದವು. ಕಡಲ ಕುಡಿಕೆ, ಅಂದರೆ ಸೀ ಅರ್ಚಿನ್, ಮಸೆಲ್ ಇವುಗಳ ಲಾರ್ವಾಗಳೂ ಪಟ್ಟಿಗೆ ಸೇರಿದವು. ತಣ್ಣೀರಿನಲ್ಲಿ ಅವರಿಗೆ 48 ಗಂಟೆ ಬೇಕಾಗುವ ಕೆಲಸ ನಮ್ಮಲ್ಲಿ ಸುಮಾರು 24 ಗಂಟೆಗೇ ಮುಗಿಯುತ್ತದೆ ಎಂಬುದೊಂದು ಅನುಕೂಲ.

ಈಗ ಕೆಲಸದ ಕ್ರಮ.

ನೀರನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬುದರಲ್ಲೇ ಅರ್ಧ ಫಲಿತಾಂಶ ಅಡಗಿದೆ. ನಡು ಬೆಳೆಯ ಹೊತ್ತಿನಲ್ಲಿ ಹೊಂಡದ ಮೇಲ್ನೀರು ತುಂಬಿಸಿಕೊಂಡು ಹೋದರೆ ಎಲ್ಲ ಹೊಂಡಗಳೂ ಪಾಸಾಗುತ್ತವೆ. ಸಿಗಡಿ ಹಿಡಿಯುವ ದಿನ, ತೂಬಿನ ಬಾಯಲ್ಲಿ, ನೀರು ಬಿಡಲು ಶುರುವಾದಾಗ ಒಮ್ಮೆ, ನಡುವೆ ಒಮ್ಮೆ, ಕೊನೆಯ ಕೆಸರುನೀರಿನಲ್ಲಿ ಒಮ್ಮೆ ತೆಗೆದುಕೊಳ್ಳಬೇಕು. ಬಾಟಲಿ ತುಂಬಾ ತುಂಬಿಸಿ, ಗಾಳಿ ಉಳಿಯದಂತೆ ಮುಚ್ಚಿ, ಐಸಿನ ಪೆಟ್ಟಿಗೆಯಲ್ಲಿಡಬೇಕು. 36 ಗಂಟೆಯೊಳಗೆ ಪರೀಕ್ಷೆ ಶುರುವಾಗದಿದ್ದರೆ ಆ ನೀರು ಹೊಂಡದ ನೀರಾಗಿ ಉಳಿದಿರುವುದಿಲ್ಲ. ಉಪ್ಪಿನಂಶ, ಪಿಎಚ್, ಉಷ್ಣತೆ ಮತ್ತು ಆಮ್ಲಜನಕವನ್ನು ಹೊಂಡದ ಹತ್ತಿರವೇ ಅಳೆದು ಬರೆದುಕೊಳ್ಳಬೇಕು.

ಸಿಂಪಿಯನ್ನು ಹೊಂಡಗಳಿಂದ ದೂರದ, ಒಳ್ಳೆಯ ನೀರಿನ ಬಂಡೆಗಳಿಂದ ತರಬೇಕು. ಚಾಕುವಿನಿಂದ ಚಿಪ್ಪು ಬಿಡಿಸಿ, ಕೆನೆಬಣ್ಣದ ಜನನಾಂಗದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಕಿತ್ತು ತೆಗೆದ ಮೊಟ್ಟೆಗಳು ಮೊದಲು ಪೇರಲದಂತೆ ಒಂದು ತುದಿ ಚೂಪಾಗಿರುತ್ತವೆ. ಸೋಸಿದ ಕಡಲನೀರಿನಲ್ಲಿ ಒಂದು ತಾಸು ಬಿಟ್ಟರೆ ದುಂಡಗಾಗುತ್ತವೆ. ದುಂಡಗಾಗದವು ಬಲಿತಿಲ್ಲವೆಂದು ಅರ್ಥ, ಅಂಥ ಹೆಣ್ಣಿನ ಮೊಟ್ಟೆಯನ್ನು ಬಿಟ್ಟುಬಿಡಬೇಕು. ಮೊಟ್ಟೆಗಳನ್ನು ಜಾಲರಿಯಲ್ಲಿ ಸೋಸಿ ಮಾಂಸದ ಚೂರು ತೆಗೆದು, ಸ್ವಲ್ಪವೇ ವೀರ್ಯ ಬೆರೆಸಬೇಕು. ಹೆಚ್ಚು ಹಾಕಿದರೆ ಒಂದೇ ಮೊಟ್ಟೆಗೆ ಹಲವು ನುಗ್ಗಿ ಭ್ರೂಣ ಕೆಡುತ್ತದೆ. ಆಮೇಲೆ ತಪ್ಪು ಹೊಂಡದ ನೀರಿನ ತಲೆಗೆ ಬರುತ್ತದೆ. ಮೊಟ್ಟೆ ಎರಡಾಗಿ ಒಡೆದದ್ದು ಕಂಡ ಮೇಲೆ, ಫಲಿಸಿದ ನಾಲ್ಕು ಗಂಟೆಯೊಳಗೆ, ಸೀಸೆಗಳಿಗೆ ಹಂಚಬೇಕು. ಒಂದು ಮಿಲಿಲೀಟರಿಗೆ 15ರಿಂದ 30 ಭ್ರೂಣ ಸಾಕು, ಕಿಕ್ಕಿರಿದರೆ ತಮ್ಮ ಕಸಕ್ಕೇ ತಾವು ಕೆಡುತ್ತವೆ.

ಸೀಸೆಗಳಲ್ಲಿ ಹೊಂಡದ ನೀರು ಐದು ಹದದಲ್ಲಿರುತ್ತದೆ: ಪೂರ್ತಿ, ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು. ಜೊತೆಗೆ ಬರೀ ಒಳ್ಳೆಯ ಕಡಲನೀರಿನದು, ಅದೇ ಕಂಟ್ರೋಲ್. ಪ್ರತಿ ಹದಕ್ಕೂ ನಾಲ್ಕು ಸೀಸೆ, ಒಟ್ಟು 24. ಸೀಸೆಯೊಂದಕ್ಕೆ 10 ಮಿಲಿಲೀಟರ್ ನೀರು. ಇನ್ನೊಂದು ಸಾಲಿನಲ್ಲಿ ಅಳೆದ ಮೈಲುತುತ್ತದ ದ್ರಾವಣ. ಮೈಲುತುತ್ತದ ತಾಮ್ರ ಲೀಟರಿಗೆ ಹತ್ತು-ಇಪ್ಪತ್ತು ಮೈಕ್ರೋಗ್ರಾಂ ಇದ್ದರೂ ಸಿಂಪಿ ಭ್ರೂಣ ಸೊಟ್ಟಗಾಗುತ್ತದೆಂದು ಮೊದಲೇ ಗೊತ್ತಿದೆ. ಈ ಸಲದ ಮರಿಗಳು ಅದಕ್ಕೆ ಎಂದಿನಂತೆ ಸ್ಪಂದಿಸಿದರೆ ಮಾತ್ರ ಅವು ಹೊಂಡದ ನೀರಿನ ಬಗ್ಗೆ ಹೇಳುವುದನ್ನು ನಂಬಬಹುದು. ವರದಿಯಲ್ಲಿ ಮೈಲುತುತ್ತದ ಸಾಲು ಇಲ್ಲದಿದ್ದರೆ ನಾನಂತೂ ಆ ವರದಿಯನ್ನು ಮುಂದೆ ಓದುವುದಿಲ್ಲ.

ಒಂದು ದಿನವಾದ ಮೇಲೆ ಪ್ರತಿ ಸೀಸೆಗೂ ಒಂದೆರಡು ಹನಿ ಫಾರ್ಮಲಿನ್ ಹಾಕಿ ಮರಿಗಳನ್ನು ಇದ್ದಲ್ಲೇ ನಿಲ್ಲಿಸಿ, ಸೀಸೆಯೊಂದರಿಂದ ನೂರು ನೂರು ಎಣಿಸಬೇಕು. ಪರೀಕ್ಷೆಯಲ್ಲಿ ಬೇಸರದ ಕೆಲಸವೆಂದರೆ ಇದೇ. ಸರಿಯಾದ ಮರಿ ನೋಡಿದರೆ ತಿಳಿಯುತ್ತದೆ: ನೇರ ಬೆನ್ನು, ಎರಡು ಪಾರದರ್ಶಕ ಚಿಪ್ಪು, ಒಳಗಿನ ಮೈ ಪೂರ್ತಿ ಒಳಗೇ. ಕೆಟ್ಟದ್ದು ನಾನಾ ಬಗೆ. ಬೆನ್ನು ತಗ್ಗಾಗಿರುತ್ತದೆ, ಒಂದು ಚಿಪ್ಪು ಚಿಕ್ಕದಿರುತ್ತದೆ, ಮೈ ಹೊರಗೆ ಇಣುಕುತ್ತದೆ, ಇಲ್ಲವೇ ಚಿಪ್ಪೇ ಇಲ್ಲದೆ ಟ್ರೊಕೊಫೋರ್ ಹಂತದಲ್ಲೇ ನಿಂತಿರುತ್ತದೆ. ಎಣಿಸುವವರಿಗೆ ಯಾವ ಸೀಸೆ ಯಾವುದೆಂದು ಗೊತ್ತಿರಬಾರದು, ಬರೀ ಗುರುತಿನ ಸಂಖ್ಯೆ ಇರಬೇಕು. ಅನುಮಾನದ ಮರಿ ಬಂದಾಗ ಕಣ್ಣು ತನಗೆ ಬೇಕಾದ ಕಡೆ ವಾಲುತ್ತದೆ.

ಲೆಕ್ಕ ಹೀಗೆ. ಉದಾಹರಣೆಗೆಂದೇ ಕಟ್ಟಿದ ಅಂಕಿಗಳಿವು: ಕಂಟ್ರೋಲಿನಲ್ಲಿ ನೂರಕ್ಕೆ 92 ಸರಿಯಾದ ಮರಿ, ಹದಿನಾರನೇ ಒಂದರಲ್ಲಿ 91, ಎಂಟನೇ ಒಂದರಲ್ಲಿ 80, ಕಾಲು ಪಾಲಿನಲ್ಲಿ 46, ಅರ್ಧದಲ್ಲಿ 9, ಪೂರ್ತಿಯಲ್ಲಿ ಸೊನ್ನೆ. ಕಂಟ್ರೋಲಿನ 92ರ ಅರ್ಧ 46. ಹಾಗಾಗಿ ಹೊಂಡದ ನೀರು 25 ಪ್ರತಿಶತ ಇದ್ದಾಗ ಅರ್ಧದಷ್ಟು ಮರಿಗಳು ಕೆಟ್ಟವು. ಇದನ್ನೇ ಇಸಿ-50 ಎನ್ನುವುದು. 100ನ್ನು 25ರಿಂದ ಭಾಗಿಸಿದರೆ 4, ಅದು ವಿಷಮಾನ. ನಾಲ್ಕು ಪಾಲು ತೆಳುವಾದರೆ ಸಾಕು ಎಂದು ಇದಕ್ಕೆ ಅರ್ಥ ಹಚ್ಚುವವರಿದ್ದಾರೆ. ನಾಲ್ಕು ಪಾಲು ತೆಳುವಾದಾಗಲೂ ಅರ್ಧ ಮರಿಗಳು ಹೋಗಿವೆ ಎಂಬುದು ಅದರ ಅರ್ಥ. ಈ ಉದಾಹರಣೆಯಲ್ಲಿ ಮರಿಗಳಿಗೆ ಏನೂ ಆಗದ ಹದ ಹದಿನಾರನೇ ಒಂದು. ಇಳಿತದ ಹೊತ್ತಿನಲ್ಲಿ ಆ ಹಳ್ಳದಲ್ಲಿ ಹದಿನಾರು ಪಾಲು ನೀರು ಇರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕಂಟ್ರೋಲಿನಲ್ಲೇ ಮೂವತ್ತು-ನಲವತ್ತು ಮರಿ ಕೆಟ್ಟಿದ್ದರೆ ಲೆಕ್ಕ ಹಾಕುವ ಗೊಡವೆಯೇ ಬೇಡ, ಪರೀಕ್ಷೆಯನ್ನೇ ಮತ್ತೆ ಮಾಡಬೇಕು.

ಮೋಸ ಮಾಡುವ ಸಂಗತಿಗಳೂ ಇವೆ. ಮಳೆಗಾಲದಲ್ಲಿ ಹೊಂಡದ ನೀರು ಸಪ್ಪೆಯಾಗುತ್ತದೆ, ಬೇಸಿಗೆಯಲ್ಲಿ ಕಡಲಿಗಿಂತಲೂ ಉಪ್ಪಾಗಬಹುದು. ಉಪ್ಪಿನ ವ್ಯತ್ಯಾಸಕ್ಕೇ ಮರಿಗಳು ಕೆಡುತ್ತವೆ. ಅದಕ್ಕಾಗಿ ಉಪ್ಪು ಸರಿಪಡಿಸಿದ ನೀರಿಗೆ ಅದರದೇ ಕಂಟ್ರೋಲ್ ಬೇಕು. ಜೇಡಿಯ ಕಣ ಮರಿಗೆ ಮೆತ್ತಿಕೊಳ್ಳುವುದೂ ಒಂದು ತೊಂದರೆ, ಆದ್ದರಿಂದ ಸೋಸಿದ ಮತ್ತು ಸೋಸದ ನೀರನ್ನು ಪಕ್ಕಪಕ್ಕದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಎಲ್ಲಕ್ಕಿಂತ ದೊಡ್ಡ ಮೋಸಗಾರ ಅಮೋನಿಯಾ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಅಷ್ಟು ಅಪಾಯಕಾರಿಯಲ್ಲ, ಮುಕ್ತ ಅಮೋನಿಯಾ ಅಪಾಯಕಾರಿ. ಯಾವುದು ಎಷ್ಟು ಎಂಬುದನ್ನು ಪಿಎಚ್ ಮತ್ತು ಉಷ್ಣತೆ ತೀರ್ಮಾನಿಸುತ್ತವೆ. ಸಿಹಿನೀರಿನಲ್ಲಿ 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದಕ್ಕೂ ಕಡಿಮೆ ಮುಕ್ತ ರೂಪ. ಪಿಎಚ್ 8ಕ್ಕೆ ಆರೇಳು, 9ಕ್ಕೆ ನಲವತ್ತರ ಹತ್ತಿರ. ಕಡಲನೀರಿನಲ್ಲಿ ಇದು ತುಸು ಕಡಿಮೆ, ಏರುವ ರೀತಿ ಅದೇ. ಪಾಚಿ ತುಂಬಿದ ಹೊಂಡದಲ್ಲಿ ಮಧ್ಯಾಹ್ನ ಪಿಎಚ್ ಏರುತ್ತದೆ, ಬೆಳಗಿನ ಜಾವ ಇಳಿದಿರುತ್ತದೆ. ಬೆಳಿಗ್ಗೆ ಆರಕ್ಕೆ ತೆಗೆದ ನೀರು ಪಾಸು, ಮಧ್ಯಾಹ್ನ ಮೂರಕ್ಕೆ ತೆಗೆದದ್ದು ನಪಾಸು ಆದರೆ ಆಶ್ಚರ್ಯವಿಲ್ಲ. ಪ್ರಯೋಗಾಲಯದಲ್ಲಿ ಜೋರಾಗಿ ಗಾಳಿ ಊದಿಸಿದರೆ ಪಿಎಚ್ಚೂ ಬದಲಾಗುತ್ತದೆ, ಅಮೋನಿಯಾವೂ ಹಾರಿಹೋಗುತ್ತದೆ, ಫಲಿತಾಂಶ ಬೇಕಾದವರಿಗೆ ಬೇಕಾದಂತೆ ಬರುತ್ತದೆ.

ವಿಷವಿದೆ ಎಂದಾದ ಮೇಲೆ, ಯಾವುದು ಎಂಬ ಪ್ರಶ್ನೆ. ಅದಕ್ಕೂ ಇದೇ ಮರಿಗಳು ನೆರವಾಗುತ್ತವೆ. ಅದೇ ನೀರನ್ನು ನಾಲ್ಕು ಪಾಲು ಮಾಡಿ ಒಂದಕ್ಕೆ ಸೋಡಿಯಂ ಥಯೋಸಲ್ಫೇಟ್ ಹಾಕಿ. ಮರಿಗಳು ಸರಿಹೋದರೆ ಕಾರಣ ಕ್ಲೋರಿನ್. ಇನ್ನೊಂದಕ್ಕೆ ಇಡಿಟಿಎ ಹಾಕಿದಾಗ ಸರಿಹೋದರೆ ತಾಮ್ರದಂಥ ಲೋಹ. ಮೂರನೆಯದರಲ್ಲಿ ಕಡಲ ಲೆಟ್ಯೂಸ್ ಎಂದು ಹೆಸರಾದ ಅಲ್ವಾ ಎಂಬ ಹಸಿರು ಪಾಚಿಯನ್ನು ಒಂದಷ್ಟು ಹೊತ್ತು ಇಟ್ಟು ತೆಗೆಯಬೇಕು; ಅದು ಅಮೋನಿಯಾವನ್ನು ಹೀರುತ್ತದೆ. ಆಮೇಲೆ ಮರಿಗಳು ನೆಟ್ಟಗೆ ಬೆಳೆದರೆ ಅಮೋನಿಯಾದ ಮೇಲೆ ಗುಮಾನಿ ಗಟ್ಟಿಯಾಗುತ್ತದೆ. ನಾಲ್ಕನೆಯದು ಹಾಗೇ ಇರಲಿ, ಹೋಲಿಸಲು. ಕ್ಲೋರಿನ್ ಸಿಗುವುದು ಅಪರೂಪವೇನಲ್ಲ. ಬಿಳಿಚುಕ್ಕೆ ರೋಗ ಬಿದ್ದ ಹೊಂಡದ ನೀರನ್ನು ಬ್ಲೀಚಿಂಗ್ ಪೌಡರಿನಿಂದ ಶುದ್ಧ ಮಾಡಿ, ಕೆಲವು ದಿನ ನಿಲ್ಲಿಸಿ ಬಿಡಬೇಕೆಂಬುದು ಒಳ್ಳೆಯ ನಿಯಮ. ನಿಲ್ಲಿಸುವ ತಾಳ್ಮೆಯಿಲ್ಲದೆ ತೂಬು ತೆರೆದರೆ ಪಕ್ಕದ ಹೊಂಡದವನ ಸಿಗಡಿ ರೋಗದಿಂದ ಉಳಿಯುತ್ತದೆ, ಹಳ್ಳದ ಲಾರ್ವಾಗಳು ಉಳಿಯುವುದಿಲ್ಲ.

ಸಾಕಣೆದಾರನಿಗೆ ಇದರಿಂದ ಏನು ಲಾಭ? ನೀರನ್ನು ನೇರ ಹಳ್ಳಕ್ಕೆ ಬಿಡದೆ ಒಂದು ಬದಿ ಹೊಂಡದಲ್ಲಿ ಎರಡು ದಿನ ನಿಲ್ಲಿಸಿದರೆ ಕೆಸರು ತಳಕ್ಕಿಳಿಯುತ್ತದೆ. ಒಳಬರುವ ನೀರನ್ನೂ ಹೊರಹೋಗುವ ನೀರನ್ನೂ ಒಂದೇ ದಿನದ, ಒಂದೇ ತಂಡದ ಮರಿಗಳಿಂದ ಪರೀಕ್ಷಿಸಿದರೆ, ಆ ಜಾಗ ಬಿಟ್ಟುಕೊಟ್ಟದ್ದು ಸಾರ್ಥಕವಾಯಿತೇ ಎಂದು ಅಂಕಿಯಲ್ಲೇ ಕಾಣುತ್ತದೆ. ಕಾರಣ ಮುಕ್ತ ಅಮೋನಿಯಾ ಆಗಿದ್ದರೆ ನಿಲ್ಲಿಸಿದ ಮಾತ್ರಕ್ಕೆ ಹೆಚ್ಚು ಸುಧಾರಿಸದೇ ಇರಬಹುದು; ಆಗ ಬಿಡುವ ಹೊತ್ತನ್ನು ಭರತಕ್ಕೆ, ಬೆಳಗಿನ ಜಾವಕ್ಕೆ ಬದಲಿಸುವುದು, ಮೇವು ಕಡಿಮೆ ಮಾಡುವುದು ಹೆಚ್ಚು ಉಪಯೋಗ.

ಇಷ್ಟೆಲ್ಲ ಧಾರವಾಡಕ್ಕೆ ಹೇಗೆ ಸಂಬಂಧ ಎನ್ನಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಮುಖ್ಯ ಆವರಣ ಧಾರವಾಡದಲ್ಲಿ, ಅದರ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿ, ಕಾಳಿ ಕಡಲು ಸೇರುವಲ್ಲಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಸಿಂಪಿ ಮರಿಯ ಪರೀಕ್ಷೆ ಅಲ್ಲೇ ನಡೆಯಬೇಕು. ಕುಮಟೆಯ ನೀರು ಐಸಿನಲ್ಲಿ ಅರಬೈಲ ಘಟ್ಟ ಹತ್ತಿ 36 ಗಂಟೆಯೊಳಗೆ ಧಾರವಾಡ ತಲುಪೀತು, ಆದರೆ ಬಲಿತ ಸಿಂಪಿ, ಸೋಸಿದ ಕಡಲನೀರು ಎಲ್ಲವನ್ನೂ ಘಟ್ಟ ಹತ್ತಿಸುವುದು ಹುಚ್ಚು ಸಾಹಸ.

ಧಾರವಾಡದವರಿಗೆ ಬೇಕಾದದ್ದು ಸಿಹಿನೀರಿನ ಪರೀಕ್ಷೆ. ಇಲ್ಲಿಯ ಕೆರೆಗಳಲ್ಲಿ, ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು ಸಾಕುತ್ತಾರೆ. ಬಯೋಫ್ಲಾಕ್ ತೊಟ್ಟಿಗಳೂ ಬಂದಿವೆ, ಅವುಗಳ ನೀರೂ ಕೊನೆಗೆ ಹಳ್ಳ ಸೇರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ರೋಹು ಮರಿಗಳ ಮೇಲೆ ಕೀಟನಾಶಕದ ಪರಿಣಾಮ ಕುರಿತ ಕೆಲಸ ಬಹಳ ವರ್ಷಗಳಿಂದ ನಡೆದಿದೆ. ಅದಕ್ಕೆ ಸೇರಿಸಬೇಕಾದದ್ದು ನಮ್ಮ ಕೆರೆಯ ಕಪ್ಪೆಚಿಪ್ಪು. ಲಾಮೆಲ್ಲಿಡೆನ್ಸ್ ಎಂಬ ಈ ಮಸೆಲ್ ತನ್ನ ಮರಿಗಳನ್ನು ಕಿವಿರಿನಲ್ಲೇ ಸಾಕಿ ಆಮೇಲೆ ನೀರಿಗೆ ಬಿಡುತ್ತದೆ. ಗ್ಲೋಕಿಡಿಯಮ್ ಎನ್ನುವ ಆ ಲಾರ್ವಾ ಒಂದು ಮೀನಿಗೆ ಕಚ್ಚಿಕೊಂಡರೆ ಮಾತ್ರ ಬದುಕುತ್ತದೆ. ಕಚ್ಚಬೇಕಾದರೆ ಅದರ ಎರಡು ಪುಟ್ಟ ಚಿಪ್ಪು ಟಪ್ಪನೆ ಮುಚ್ಚಬೇಕು. ಪರೀಕ್ಷೆಯೂ ಅಷ್ಟೇ ಸರಳ. ಕಿವಿರಿಗೆ ಸಿರಿಂಜಿನಿಂದ ನೀರು ಹಾಯಿಸಿ ಮರಿಗಳನ್ನು ಹೊರತೆಗೆದು, ತೊಟ್ಟಿಯ ನೀರಿನ ಬೇರೆಬೇರೆ ಹದದಲ್ಲಿ 24 ಗಂಟೆ ಇಡಬೇಕು. ಈಗಾಗಲೇ ಮುಚ್ಚಿಕೊಂಡವನ್ನು ಎಣಿಸಿ, ಗಟ್ಟಿ ಉಪ್ಪುನೀರಿನ ಒಂದು ಹನಿ ಬಿಡಬೇಕು. ಆಗ ತಟ್ಟನೆ ಮುಚ್ಚಿಕೊಂಡವು ಜೀವಂತ. ತೆರೆದೇ ಉಳಿದವು ಮತ್ತು ಮೊದಲೇ ಮುಚ್ಚಿಕೊಂಡಿದ್ದವು ಕೆಲಸಕ್ಕೆ ಬಾರದವು.

ಇಂಥ ಮಸೆಲ್‌ಗಳ ಮರಿಗಳು ಅಮೋನಿಯಾಕ್ಕೆ ಎಷ್ಟು ಸೂಕ್ಷ್ಮ ಎಂದು ಗೊತ್ತಾದ ಮೇಲೆಯೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2013ರಲ್ಲಿ ಸಿಹಿನೀರಿನ ಅಮೋನಿಯಾ ಮಿತಿಯನ್ನು ಬಿಗಿ ಮಾಡಿತು: ಪಿಎಚ್ 7, 20 ಡಿಗ್ರಿಯಲ್ಲಿ ಅಲ್ಪಾವಧಿಗೆ ಲೀಟರಿಗೆ 17 ಮಿಲಿಗ್ರಾಂ, ದೀರ್ಘಾವಧಿಗೆ 1.9. ನಮ್ಮ ಬಿಸಿಲಿನ ಕೆರೆಗಳಲ್ಲಿ ಅಷ್ಟು ಅಮೋನಿಯಾವೂ ಅತಿಯಾಗಬಹುದು.

ಡಿಗ್ರಿ ಕಾಲೇಜಿನ ಪ್ರಯೋಗಾಲಯದಲ್ಲೂ ಇದನ್ನು ಮಾಡಬಹುದು. ಒಂದು ಕಪ್ಪೆಚಿಪ್ಪಿನಿಂದ ಸಾವಿರಾರು ಮರಿ ಸಿಗುವುದರಿಂದ ಎರಡು ಮೂರು ತಾಯಿಗಳು ಸಾಕು. ಚಿಪ್ಪನ್ನು ಕೊಲ್ಲದೆ ತುಸುವೇ ತೆರೆದು ಕೆಲಸ ಮುಗಿಸಿ, ತಂದ ಕೆರೆಗೇ ಮರಳಿ ಬಿಡಬೇಕು. ಪರೀಕ್ಷೆಗೆ ಬಳಸಿದ ನೀರನ್ನು, ಮೈಲುತುತ್ತದ್ದನ್ನಂತೂ, ಸಿಂಕಿಗೆ ಚೆಲ್ಲದೆ ಬೇರೆ ಡಬ್ಬಿಯಲ್ಲಿ ಕೂಡಿಡಬೇಕು.